ಹುಬ್ಬಳ್ಳಿಯಲ್ಲಿ ಹೆವಿ ಬ್ಯಾಂಡ್ ಕಟ್ಟಿದ್ದು: ಶೆಡ್ಡಿನಿಂದ ಮೊದಲ ಶೋವರೆಗೆ

2025ರ ಆಷಾಢದಲ್ಲಿ ನಮ್ಮ ಬ್ಯಾಂಡಿನ ಮೊದಲ ಸ್ವಂತ ಶೋ ಮುಗಿಯಿತು. ಕಾಲೇಜು ಫೆಸ್ಟ್‌ನಲ್ಲಿ ಎರಡು ಹಾಡು ಬಾರಿಸಿ ಇಳಿದು ಬರುವಂಥದ್ದಲ್ಲ. ನಮ್ಮದೇ ಹಾಡು, ನಮ್ಮದೇ ಟಿಕೆಟ್, ನಮ್ಮದೇ ತಲೆನೋವು. ಅಂದಿನಿಂದ ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗರು ಮೆಸೇಜ್ ಮಾಡುತ್ತಲೇ ಇದ್ದಾರೆ. "ಅಣ್ಣಾ, ಪರ್ಮಿಷನ್ ಹೆಂಗ್ ತಗೊಂಡ್ರಿ? ಪ್ರಾಕ್ಟೀಸ್ ಎಲ್ಲಿ ಮಾಡ್ತೀರಿ? ಎಷ್ಟ್ ಖರ್ಚ್ ಆತು?" ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಬ್ಯಾಂಡಿನ ಹೆಸರು ಬೇಕಂತಲೇ ಹಾಕಿಲ್ಲ. ಇದನ್ನು ಪ್ರಚಾರ ಅಂದುಕೊಳ್ಳುವುದು ಬೇಡ.

ಹೆವಿ ಬ್ಯಾಂಡ್, ಅಂದರೆ ಜೋರು, ಭಾರದ ರಾಕ್ ಬಾರಿಸುವ ಬ್ಯಾಂಡ್ ಕಟ್ಟಲು ಒಳ್ಳೆ ಗಿಟಾರ್ ಬೇಕು, ದೊಡ್ಡ ಡ್ರಮ್ ಕಿಟ್ ಬೇಕು ಅಂತ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಅವು ಇವತ್ತಲ್ಲ ನಾಳೆ ಸಿಗುತ್ತವೆ. ಸಿಗದೇ ಇರುವುದು ಜೋರಾಗಿ ಬಾರಿಸಲು ಜಾಗ. ನಮ್ಮ ಕಥೆಯಲ್ಲಿ ಮುಕ್ಕಾಲು ಪಾಲು ಜಾಗದ್ದೇ.

ನಾವು ನಾಲ್ಕು ಜನ. ನನ್ನದು ಗಿಟಾರ್, ಹಗಲು ಹೊತ್ತು ಒಂದು ಶೋರೂಮಿನಲ್ಲಿ ಲೆಕ್ಕ ಬರೆಯುತ್ತೇನೆ. ಬೇಸ್‌ನವ (ಕೆಳಸ್ವರದ ಗಿಟಾರ್ ಬಾರಿಸುವವ) ನನ್ನ ಜೊತೆ ಓದಿದವ. ಹಾಡುವವ ಧಾರವಾಡದವ, ಚಿಕ್ಕವನಿದ್ದಾಗ ಮನೆಯವರ ಒತ್ತಾಯಕ್ಕೆ ಹಿಂದೂಸ್ತಾನಿ ಕಲಿತವ. ಡ್ರಮ್ಸ್‌ನವ ಹಳೇ ಹುಬ್ಬಳ್ಳಿಯ ಹುಡುಗ, ನಮ್ಮೆಲ್ಲರಿಗಿಂತ ಚಿಕ್ಕವ. ಡ್ರಮ್ ಕಿಟ್ ಮುಟ್ಟುವ ಮೊದಲು ಅವನು ಹೋಳಿ ಹುಣ್ಣಿವೆಗೆ ಓಣಿಯವರ ಜೊತೆ ಜಗ್ಗಲಗಿ ಬಾರಿಸುತ್ತಿದ್ದ. ಗಾಡಿ ಗಾಲಿಯ ಹಳಿಗೆ ಚರ್ಮ ಬಿಗಿದ ಆ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತಿದವನಿಗೆ ಕೂತು ಬಾರಿಸುವುದು ಆರಾಮ ಅನಿಸಿತಂತೆ. ನಮ್ಮ ಸದ್ದಿಗೆ ತೂಕ ಬಂದಿದ್ದು ಅವನಿಂದಲೇ.

ನಮ್ಮದು ನಿಧಾನದ, ಭಾರದ ಸಂಗೀತ. ಒಂದು ರಿಫ್, ಅಂದರೆ ಗಿಟಾರಿನ ನಾಲ್ಕೈದು ಸ್ವರದ ತುಣುಕು. ಅದೇ ತಿರುತಿರುಗಿ ಬರುತ್ತದೆ, ಹಾಡೆಲ್ಲ ಅದರ ಮೇಲೆ ನಿಲ್ಲುತ್ತದೆ. ಈ ದಾರಿ ಹಾಕಿದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್. 1970ರಲ್ಲಿ ಅವರ ಮೊದಲ ಆಲ್ಬಮ್ ಬಂತು. ನಮ್ಮ ರಾಜ್ಯದಲ್ಲಿ ಹೆವಿ ಸಂಗೀತ ಅಂದರೆ ಬೆಂಗಳೂರು ಅಂತಲೇ ಲೆಕ್ಕ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಿದ್ದು, 1998ರಿಂದ ನಡೆದುಕೊಂಡು ಬಂದಿರುವ ಕ್ರಿಪ್ಟೋಸ್, ಆಮೇಲೆ ಬೇವರ್ ಸೀ ಅನ್ನುವ ಬ್ಯಾಂಡುಗಳು, ಎಲ್ಲ ಅಲ್ಲಿಯದೇ. ಬೇವರ್ ಸೀ ಕೇಳಿದ ಮೇಲೆಯೇ ನಮಗೂ, ನಮ್ಮೂರಾಗೂ ಯಾಕ ಆಗಬಾರದು ಅನಿಸಿದ್ದು.

ಶುರು ಮಾಡಿದ್ದು 2022ರಲ್ಲಿ, ಕೇಶ್ವಾಪುರದ ನಮ್ಮ ಮನೆಯ ಮಾಳಿಗೆ ರೂಮಿನಲ್ಲಿ. ಗೋಡೆಗೆ ಮೊಟ್ಟೆಯ ಟ್ರೇ ಹೊಡೆದರೆ ಸದ್ದು ಹೊರಗೆ ಹೋಗಲ್ಲ ಅಂತ ಯೂಟ್ಯೂಬ್ ನೋಡಿ ಹೇಳುವವರು ಬಹಳ. ದಯವಿಟ್ಟು ನಂಬಬೇಡಿ. ಟ್ರೇ, ಫೋಮು ರೂಮಿನ ಒಳಗಿನ ಗುಂಯ್ ಅನ್ನುವುದನ್ನು ಸ್ವಲ್ಪ ತಗ್ಗಿಸುತ್ತವೆ, ಅಷ್ಟೇ. ಸದ್ದು ಹೊರಗೆ ಹೋಗುವುದನ್ನು ತಡೆಯಲು ತೂಕದ ಗೋಡೆ ಬೇಕು, ಸಂದಿ ಇಲ್ಲದ ಬಾಗಿಲು ಬೇಕು. ಅದರಲ್ಲೂ ಕೆಳಸ್ವರಗಳನ್ನು ತಡೆಯುವುದು ಬಹಳ ಕಷ್ಟ. ಮಾಮೂಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ನಾವು ಅದನ್ನು ಸಿ ಸ್ವರಕ್ಕೆ, ಅಂದರೆ 65 ಹರ್ಟ್ಸ್‌ಗೆ ಇಳಿಸುತ್ತೇವೆ. ಬೇಸ್ ಅದಕ್ಕಿಂತ ಒಂದು ಸಪ್ತಕ ಕೆಳಗೆ. ಆ ಸದ್ದು ಇಟ್ಟಿಗೆ ಗೋಡೆಯನ್ನೂ ದಾಟಿ ಹೋಗುತ್ತದೆ. ಪಕ್ಕದ ಮನೆಯ ಅಜ್ಜಾರು ಮೂರನೇ ವಾರ ಗೇಟಿನ ಹತ್ತಿರ ನಿಂತು ಕೇಳಿದರು: "ಏನ್ ತಮ್ಮಾ, ಮ್ಯಾಲೆ ಹಿಟ್ಟಿನ ಗಿರಣಿ ಹಾಕ್ಸೀರೇನು? ನಮ್ಮ ಭಾಂಡೆ ಸಾಮಾನೆಲ್ಲ ಅಳ್ಳಾಡಾಕತ್ಯಾವು." ಬೈಯಲಿಲ್ಲ. ಆದರೂ ಅವತ್ತೇ ಗೊತ್ತಾಯಿತು, ಮನೆಯಲ್ಲಿ ಇದು ನಡೆಯುವುದಿಲ್ಲ ಅಂತ.

ಆಮೇಲೆ ಶುರುವಾಯಿತು ರೂಮು ಹುಡುಕುವ ಕೆಲಸ. "ಬ್ಯಾಂಡ್ ಪ್ರಾಕ್ಟೀಸಿಗೆ ಬೇಕ್ರೀ" ಅಂದರೆ ಮಾಲೀಕರು "ಮದುವಿ ಬ್ಯಾಂಡೇನ್ರೀ?" ಅನ್ನುತ್ತಿದ್ದರು. ಅಲ್ಲ ಅಂದರೆ ಅನುಮಾನ ಇನ್ನೂ ಜಾಸ್ತಿ. ಕಪ್ಪು ಟೀಶರ್ಟು, ಉದ್ದ ಕೂದಲು ನೋಡಿ ಬಾಗಿಲಲ್ಲೇ ಇಲ್ಲ ಅಂದವರು ಎಷ್ಟೋ ಜನ. ಒಬ್ಬ ಮಾಲೀಕರು ಅಡ್ವಾನ್ಸ್ ತೆಗೆದುಕೊಂಡು, ಒಂದು ಸಂಜೆ ಕೇಳಿ, ಮರುದಿನ ವಾಪಸ್ ಕೊಟ್ಟರು. ಅವರದೂ ತಪ್ಪಲ್ಲ ಬಿಡಿ. ಮೇಲಿನ ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಓದುತ್ತಿದ್ದಳು.

ಕೊನೆಗೆ ಜಾಗ ಸಿಕ್ಕಿದ್ದು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ. ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಹಿಂದಿನ ಅರ್ಧ ಶೆಡ್ಡು. ಹಗಲೆಲ್ಲ ಅಲ್ಲಿ ಗ್ರೈಂಡರು, ಪ್ರೆಸ್ಸು, ಸುತ್ತಿಗೆ. ನಾವು ಎಷ್ಟೇ ಬಾರಿಸಿದರೂ ಕೇಳುವವರಿಲ್ಲ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದಲ್ಲೂ ಕೈಗಾರಿಕಾ ಪ್ರದೇಶಕ್ಕೆ ಹಗಲು 75 ಡೆಸಿಬೆಲ್ ಮಿತಿ ಇದೆ, ವಸತಿ ಪ್ರದೇಶಕ್ಕೆ 55. ನಿಮ್ಮೂರಲ್ಲಿ ಹುಡುಕುವವರು ಮೊದಲು ಇಂಥ ಕಡೆ ಹೋಗಿ. ಹುಬ್ಬಳ್ಳಿಯವರಿಗೆ ತಾರಿಹಾಳ ಕಡೆಯೂ ಶೆಡ್ಡುಗಳಿವೆ. ಮನೆ ಬ್ರೋಕರ್‌ಗೆ ಹೇಳಿ ಉಪಯೋಗವಿಲ್ಲ. ಸಂಜೆ ಚಹಾದಂಗಡಿಯಲ್ಲಿ ವರ್ಕ್‌ಶಾಪಿನವರ ಜೊತೆ ಕೂತು ಕೇಳಬೇಕು.

ಬಾಡಿಗೆ ತಿಂಗಳಿಗೆ 6,500. ಕರೆಂಟಿಗೆ ಬೇರೆ ಸಬ್ ಮೀಟರ್. ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳಿ. ಅದರಲ್ಲಿ "ಸಂಗೀತ ಅಭ್ಯಾಸಕ್ಕೆ" ಅನ್ನುವ ಮಾತು ಇರಲೇಬೇಕು. ನಮ್ಮ ಕರಾರಿನಲ್ಲಿ ಇತ್ತು. ಮುಂದೆ ಒಮ್ಮೆ ಬೀಟ್ ಪೊಲೀಸಿನವರು ಬಂದು ವಿಚಾರಿಸಿದಾಗ ಆ ಒಂದು ಹಾಳೆ ತೋರಿಸಿದೆವು, ಮಾತು ಅಲ್ಲಿಗೇ ಮುಗಿಯಿತು.

ಶೆಡ್ಡಿನಲ್ಲಿ ನಾವು ಎಣಿಸಿರದ ತೊಂದರೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಮೊದಲ ದಿನವೇ ಹಾಡುವವನ ತುಟಿ ಮೈಕಿಗೆ ತಾಗಿ ಚುರ್ ಅಂತು. ಅವನು ನಕ್ಕು ಸುಮ್ಮನಾದ. ನಗುವ ವಿಷಯ ಅಲ್ಲ ಅದು. ಗಿಟಾರಿನ ತಂತಿ ಒಂದು ಸದ್ದು ಹೆಚ್ಚಿಸುವ ಪೆಟ್ಟಿಗೆಯಾದ ಆಂಪ್‌ಗೆ, ಮೈಕು ಇನ್ನೊಂದು ಲೈನಿಗೆ ಸೇರಿರುತ್ತದೆ. ಅರ್ಥ್ ಇಲ್ಲದಿದ್ದರೆ ಎರಡರ ನಡುವೆ ನೀವು ಸಿಕ್ಕಿಕೊಳ್ಳುತ್ತೀರಿ. ಜೀವವೇ ಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಅರ್ಥ್ ಗುಂಡಿ ತೋಡಿಸಿದೆವು. ಇದ್ದಿಲು, ಉಪ್ಪು, ಪೈಪು, ಕೂಲಿ ಸೇರಿ ನಾಲ್ಕು ಸಾವಿರ ಚಿಲ್ಲರೆ. ಆಂಪ್‌ನಲ್ಲಿ ಸದಾ ಬರುತ್ತಿದ್ದ ಗುಂಯ್ ಸದ್ದೂ ಅದರಿಂದಲೇ ಅರ್ಧ ಕಡಿಮೆ ಆಯಿತು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದು ಮರೆಯಬೇಡಿ. ಸಂಜೆ ವೋಲ್ಟೇಜ್ ಬೀಳುವ ಕಡೆ ಸ್ಟೆಬಿಲೈಜರ್ ಕೂಡ ಬೇಕು.

ತಗಡಿನ ಶೆಡ್ಡು ಅಂದ ಮೇಲೆ ಒಳಗೆ ಪ್ರತಿಧ್ವನಿ ಭಯಂಕರ. ಅಂಗಡಿಯ ಫೋಮು ನೋಡಿದರೆ ದುಬಾರಿ. ಬೇಸ್‌ನವನ ಅವ್ವ ಹಳೆ ಕೌದಿಗಳ ಒಂದು ಗಂಟು ಕಳಿಸಿದರು. ಹಳೆ ಸೀರೆ, ಧೋತರ ಪದರ ಪದರವಾಗಿ ಹೊಲಿದ ದಪ್ಪ ಕೌದಿ. ಡ್ರಮ್ಸ್ ಹಿಂದೆ, ಮೂಲೆಗಳಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆವು. ಸಿಂಬಲ್ (ಡ್ರಮ್ಸ್ ಜೊತೆಯ ಲೋಹದ ತಟ್ಟೆ) ಸದ್ದಿನ ಕರ್ಕಶ ಇಳಿಯಿತು. ಖರ್ಚು ಹಗ್ಗ, ಮೊಳೆಗಷ್ಟೇ.

ವರ್ಕ್‌ಶಾಪಿನ ಹಿರಿಯ ಕೆಲಸಗಾರ ಕಾಕಾ ಒಬ್ಬರು ಪಾಳಿ ಮುಗಿದ ಮೇಲೆ ಬಂದು ಕೂರುತ್ತಿದ್ದರು. ಅವರ ಎಡಗೈ ತೋರುಬೆರಳಿನ ತುದಿ ಪ್ರೆಸ್ಸಿನಲ್ಲಿ ಹೋಗಿತ್ತು. ಒಂದು ದಿನ ಅವರಿಗೆ ಟೋನಿ ಅಯೋಮಿ ಕಥೆ ಹೇಳಿದೆ. ಬ್ಲ್ಯಾಕ್ ಸಬ್ಬತ್ ಗಿಟಾರ್‌ನವ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ಒತ್ತಲು ಹಗುರಾಗಲಿ ಅಂತ ತಂತಿಯನ್ನೇ ಸಡಿಲ ಬಿಟ್ಟು ಶ್ರುತಿ ಇಳಿಸಿದ. 1971ರ ಮೂರನೇ ಆಲ್ಬಮ್‌ನಲ್ಲಿ ಆ ಇಳಿದ ಶ್ರುತಿ ಚೆನ್ನಾಗಿ ಕೇಳುತ್ತದೆ. ಈಗ ನಮ್ಮಂಥವರೆಲ್ಲ ಶ್ರುತಿ ಇಳಿಸುವುದು ಅಲ್ಲಿಂದ ಬಂದ ರೂಢಿಯೇ. ಕಾಕಾ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಕಂಪನಿಯವ್ರು ಪರಿಹಾರ ಏನರ ಕೊಟ್ರೇನು ಅವಂಗ?"

ಹೊಸಬರಿಗೆ ಗಿಟಾರ್ ಬಗ್ಗೆ ಒಂದೆರಡು ಮಾತು. ಅಂಗಡಿಯಿಂದ ಬಂದ ತೆಳು ತಂತಿಯಲ್ಲೇ ಸಿ ಸ್ವರಕ್ಕೆ ಇಳಿಸಿದರೆ ತಂತಿ ಜೋತು ಬಿದ್ದು ಕುತ್ತಿಗೆ ಮೇಲಿನ ಲೋಹದ ಪಟ್ಟಿಯಾದ ಫ್ರೆಟ್‌ಗೆ ಬಡಿಯುತ್ತದೆ. 12ರಿಂದ 56ರ (ಇಂಚಿನ ಸಾವಿರದ ಭಾಗದ ಲೆಕ್ಕ) ಆಸುಪಾಸಿನ ದಪ್ಪ ಸೆಟ್ ಹಾಕಿ. ಹಾಕಿದ ಮೇಲೆ ನಟ್ಟಿನ (ಕುತ್ತಿಗೆ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಅಗಲ ಮಾಡಿಸಿ, ಕುತ್ತಿಗೆ ನೇರ ಮಾಡಿಸಿ, ಇಂಟೊನೇಶನ್, ಅಂದರೆ ಕುತ್ತಿಗೆಯ ಉದ್ದಕ್ಕೂ ಸ್ವರ ಸರಿಯಾಗಿ ಬರುತ್ತದೆಯೇ ಅನ್ನುವುದನ್ನು ನೋಡಿಸಿ. ಈ ಕೆಲಸ ಗೊತ್ತಿರುವವರು ನಮ್ಮ ಕಡೆ ಕಡಿಮೆ. ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸುವ ಬದಲು ನಾನು ಕಲಿತುಕೊಂಡೆ. ದೊಡ್ಡ ಆಂಪ್ ಕೂಡ ಬೇಡ. ಶೆಡ್ಡಿಗೆ 15 ವ್ಯಾಟಿನ ವಾಲ್ವ್ ಆಂಪ್ ಜಾಸ್ತಿಯೇ ಆಗುತ್ತದೆ.

ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಳಿದವರು ಹೇಳಬೇಕು. ಸಾಹಿತ್ಯ ಕನ್ನಡದ್ದೇ, ನಮ್ಮ ಕಡೆಯ ಭಾಷೆ. ಹಾಡುವವ ಬೆಳಿಗ್ಗೆ ಎದ್ದು ಖರ್ಜದ ಅಭ್ಯಾಸ ಮತ್ತೆ ಶುರು ಮಾಡಿದ. ಮಂದ್ರದ ಷಡ್ಜ, ಅಂದರೆ ಕೆಳಗಿನ ಸಾ, ಹಿಡಿದು ನಿಲ್ಲುವುದು. ಗಂಟಲು ಹರಿದುಕೊಂಡು ಕಿರುಚಿ ಎರಡು ವಾರ ಮಾತೇ ಬಾರದೆ ಕೂತವರನ್ನು ನೋಡಿದ್ದೇನೆ. ಇವನಿಗೆ ಆ ತೊಂದರೆ ಬರಲಿಲ್ಲ. ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಭಾರದ ದನಿ ಹೊಸದೇನಲ್ಲ ಅಂತ ನಾವು ತಮಾಷೆ ಮಾಡುತ್ತೇವೆ.

2024ರ ಕೊನೆಗೆ ನಾಲ್ಕು ಹಾಡು ಗಟ್ಟಿಯಾದವು. ಧಾರವಾಡದ ಒಂದು ಸಣ್ಣ ಸ್ಟುಡಿಯೋಗೆ ಹೋದೆವು. ಅಲ್ಲಿ ಹೆಚ್ಚಾಗಿ ಭಾವಗೀತೆ, ಭಕ್ತಿಗೀತೆ, ಜಾನಪದ ಆಲ್ಬಮ್ ರೆಕಾರ್ಡ್ ಆಗುತ್ತಿತ್ತು. ಗಂಟೆಗೆ 700 ರೂಪಾಯಿ. ಅಲ್ಲಿನ ಎಂಜಿನಿಯರ್ ಒಳ್ಳೆಯವರು, ಆದರೆ ಅವರ ಕಿವಿಗೆ ನಮ್ಮ ಗಿಟಾರ್ ಸದ್ದೇ ಕೆಟ್ಟಿದೆ ಅನಿಸುತ್ತಿತ್ತು. "ಅಣ್ಣಾರ, ಕೇಬಲ್ ಚೆಕ್ ಮಾಡ್ರಿ, ಹರದಂಗ ಬರಾಕತ್ತೈತಿ" ಅಂತ ಎರಡು ಸಲ ನಿಲ್ಲಿಸಿದರು. ಅದು ಫಜ್ ಪೆಡಲ್‌ನ ಸದ್ದು, ಹರಿದಂತೆ ಬರುವುದೇ ಅದರ ಕೆಲಸ ಅಂತ ಹೇಳಿ, ಫೋನಿನಲ್ಲಿ ಬೇರೆ ಬ್ಯಾಂಡುಗಳನ್ನು ಕೇಳಿಸಿದ ಮೇಲೆ ಒಪ್ಪಿದರು. ಹೋಗುವ ಮೊದಲೇ ನಿಮಗೆ ಬೇಕಾದ ಸದ್ದಿನ ಎರಡು ಮೂರು ರೆಕಾರ್ಡಿಂಗ್ ಕಳಿಸಿಬಿಡಿ. ಗಂಟೆ ಲೆಕ್ಕದ ದುಡ್ಡು ಉಳಿಯುತ್ತದೆ.

ಇನ್ನೊಂದು ಕಷ್ಟ ಕ್ಲಿಕ್. ಕಿವಿಯಲ್ಲಿ ಟಿಕ್ ಟಿಕ್ ಕೇಳುತ್ತಾ ಅದಕ್ಕೆ ಸರಿಯಾಗಿ ಬಾರಿಸಬೇಕು. ಜೋರು ಹಾಡಿಗೆ ಪರವಾಗಿಲ್ಲ. ನಮ್ಮ ಒಂದು ಹಾಡು ನಿಮಿಷಕ್ಕೆ 62 ಬೀಟು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವ ಖಾಲಿ ಜಾಗದಲ್ಲಿ ಕೈ ತಾನೇ ಓಡಿಬಿಡುತ್ತದೆ. ನಿಧಾನ ಬಾರಿಸುವುದು ಸುಲಭ ಅಂತ ಯಾರಾದರೂ ಅಂದರೆ ಆ ಹಾಡಿಗೆ ಕೂರಿಸಿ ನೋಡಬೇಕು. ಕೊನೆಗೆ ಕ್ಲಿಕ್ ತೆಗೆಸಿ, ಮೂವರೂ ಮುಖ ನೋಡಿಕೊಂಡು ಒಟ್ಟಿಗೇ ಬಾರಿಸಿದೆವು. ಹಾಡುವವನದ್ದು ಮಾತ್ರ ಆಮೇಲೆ. ಬ್ಲ್ಯಾಕ್ ಸಬ್ಬತ್‌ನವರೂ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರ್‌ನಲ್ಲಿ ಒಂದೇ ದಿನದಲ್ಲಿ, ಹೆಚ್ಚುಕಡಿಮೆ ಲೈವ್ ಆಗಿ ಮುಗಿಸಿದ್ದರು ಅನ್ನುವುದು ನಮಗೆ ಧೈರ್ಯ ಕೊಟ್ಟ ಮಾತು. ನಮಗೆ ಒಂದು ದಿನ ಸಾಲಲಿಲ್ಲ. ರೆಕಾರ್ಡಿಂಗ್, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲ ಸೇರಿ 42,000 ಆಯಿತು. ಮಾಸ್ಟರಿಂಗ್‌ನವರಿಗೆ (ಹಾಡಿಗೆ ಕೊನೆಯ ಹದ ಕೊಡುವವರಿಗೆ) "ಜೋರ್ ಮಾಡ್ರಿ" ಅನ್ನಬೇಡಿ. ಸ್ಪಾಟಿಫೈ ಸದ್ದನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾಪ) ಸುತ್ತಮುತ್ತ ಸಮ ಮಾಡುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದ ಹಾಡನ್ನು ಅಲ್ಲಿ ತಗ್ಗಿಸಿಬಿಡುತ್ತಾರೆ. ಉಳಿಯುವುದು ಹಿಂಡಿದ್ದು ಮಾತ್ರ.

ಬಿಡುಗಡೆ ಸುಲಭ ಅಂದುಕೊಂಡಿದ್ದೆವು. ಹಾಡನ್ನು ನೇರವಾಗಿ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಹಾಕಲು ಆಗುವುದಿಲ್ಲ. ನಡುವೆ ಒಂದು ವಿತರಣೆ ಕಂಪನಿ ಇರಬೇಕು. ವರ್ಷದ ಚಂದಾ ಸುಮಾರು ಎರಡು ಸಾವಿರ ಕೊಟ್ಟೆವು. ಹಾಡಿಗೊಂದು ಐಎಸ್‌ಆರ್‌ಸಿ ಅನ್ನುವ ಹನ್ನೆರಡು ಅಕ್ಷರದ ಗುರುತು ಅವರೇ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಕಂಪನಿ ಬದಲಿಸಿದರೆ ಬೇಕಾಗುತ್ತದೆ. ಮುಖಪುಟದ ಚಿತ್ರ 3000 ಪಿಕ್ಸೆಲ್ ಚೌಕ. ಅದರ ಮೇಲೆ ಇನ್‌ಸ್ಟಾಗ್ರಾಂ ಹೆಸರು, ಫೋನ್ ನಂಬರ್ ಇದ್ದರೆ ತಿರಸ್ಕಾರ.

ನಮಗೆ ಬಿದ್ದ ಪೆಟ್ಟು ಬೇರೆ. ಹಾಡು ಬಿಡುಗಡೆಯಾದ ದಿನ ಹುಡುಕಿದರೆ ನಮ್ಮ ಪುಟದಲ್ಲಿ ಏನೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮದೇ ಹೆಸರಿನ ಇನ್ನೊಬ್ಬ ಕಲಾವಿದ ಯಾವುದೋ ದೇಶದಲ್ಲಿದ್ದಾನೆ. ನಾಲ್ಕೂ ಹಾಡು ಅವನ ಪುಟಕ್ಕೆ ಹೋಗಿ ಕೂತಿದ್ದವು! ಅವನದು ನೋಡಿದರೆ ಮೆತ್ತನೆಯ ಪಿಯಾನೋ. ಪಾಪ, ಅವನ ಅಭಿಮಾನಿಗಳಿಗೆ ಎಂಥ ಆಘಾತ ಆಗಿರಬೇಕು. ಕಂಪನಿಗೆ ಮೇಲ್ ಮಾಡಿದರೆ ಬರುವುದು ಯಂತ್ರದ ಉತ್ತರ. ಸರಿಯಾಗುವಷ್ಟರಲ್ಲಿ ಬಿಡುಗಡೆಯ ಹುರುಪೆಲ್ಲ ಇಳಿದುಹೋಗಿತ್ತು. ನೀವು ಅರ್ಜಿ ತುಂಬುವಾಗಲೇ "ಹೊಸ ಕಲಾವಿದ" ಅನ್ನುವುದನ್ನು ಆರಿಸಿ, ಬಿಡುಗಡೆ ದಿನವನ್ನು ತಿಂಗಳಾಚೆ ಇಡಿ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗೆ ಕೇಳಿಕೊಳ್ಳಬೇಕಾದರೂ ಕನಿಷ್ಠ ಏಳು ದಿನ ಮೊದಲೇ ಹಾಡು ಅಲ್ಲಿರಬೇಕು. ದುಡ್ಡಿನ ಆಸೆ ಬೇಡ. 2024ರಿಂದ ಒಂದು ಹಾಡು ವರ್ಷದಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅಲ್ಲಿ ಪೈಸೆಯೂ ಹುಟ್ಟುವುದಿಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡವರು ಕಡಿಮೆ, ಆದರೆ ಹಾಡು ಮಾರುವ ಆ ತಾಣದವರು 15 ಪರ್ಸೆಂಟ್, ಜೊತೆಗೆ ಪಾವತಿಯ ಶುಲ್ಕ ಇಟ್ಟುಕೊಂಡು ಉಳಿದಿದ್ದು ಕೊಡುತ್ತಾರೆ. ನಮಗೆ ಮೊದಲ ದುಡ್ಡು ಬಂದಿದ್ದು ಅಲ್ಲಿಂದಲೇ. ಕೊಂಡವರು ಯಾರೋ ಫಿನ್‌ಲ್ಯಾಂಡ್‌ನವರು.

ಈಗ ಶೋ ವಿಷಯ. ಇದಕ್ಕೇ ನೀವು ಕಾಯುತ್ತಿದ್ದೀರಿ ಅಂತ ಗೊತ್ತು.

ನಾಟಕ, ಸಂಗೀತಕ್ಕೆ ಅಂತಲೇ ಇರುವ ಸಭಾಂಗಣಗಳನ್ನು ಮೊದಲು ಕೇಳಿದೆವು. ಒಂದು ಕಡೆ ವೇದಿಕೆ ಹಾಳಾಗುತ್ತದೆ ಅಂದರು, ಇನ್ನೊಂದು ಕಡೆ ಕುರ್ಚಿ ಮುರಿಯುತ್ತಾರೆ ಅಂದರು. ಒಬ್ಬ ಹಿರಿಯರು ಮಾತ್ರ ಹಾಡು ಕೇಳಿ, "ಲಯ ಚಲೋ ಐತಿ, ಆದ್ರ ನಮ್ಮ ಕಮಿಟಿ ಒಪ್ಪಂಗಿಲ್ಲ ತಮ್ಮಾ" ಅಂದರು. ಆಗ ಡ್ರಮ್ಸ್‌ನವನ ಅಕ್ಕ ಹೇಳಿದ ಉಪಾಯ ನಮ್ಮನ್ನು ಉಳಿಸಿತು: "ಆಷಾಢದಾಗ ಮಂಗಲ ಕಾರ್ಯಾಲಯ ಖಾಲಿ ಇರ್ತಾವಲ್ಲ, ಅಲ್ಲಿ ಕೇಳ್ರಿ."

ಸುಳ್ಳಲ್ಲ. ಮದುವೆ ಸೀಸನ್‌ನಲ್ಲಿ 40,000 ಹೇಳುವ ಕಾರ್ಯಾಲಯ ಆಷಾಢದ ರವಿವಾರಕ್ಕೆ 15,000ಕ್ಕೆ ಒಪ್ಪಿತು. ಜೊತೆಗೆ 10,000 ಡಿಪಾಸಿಟ್, ಸ್ವಚ್ಛತೆಗೆ 2,000. ಷರತ್ತು: ಕುಡಿಯುವಂತಿಲ್ಲ, ಮಾಂಸಾಹಾರ ಇಲ್ಲ, ದೇವರ ಫೋಟೋ ಇರುವ ಗೋಡೆಗೆ ಏನೂ ಕಟ್ಟುವಂತಿಲ್ಲ. ಎಲ್ಲಕ್ಕೂ ಹೂಂ ಅಂದೆವು. ಪಿತೃಪಕ್ಷ, ಧನುರ್ಮಾಸದಲ್ಲೂ ಹೀಗೇ ಸಿಗಬಹುದು, ಕೇಳಿ ನೋಡಿ. ಹಾಲ್ ನೋಡುವಾಗ ಸುತ್ತ ನೂರು ಮೀಟರ್ ನಡೆದು ಬನ್ನಿ. ಆಸ್ಪತ್ರೆ, ಶಾಲೆ, ಕೋರ್ಟ್ ಇದ್ದರೆ ಅದು ನಿಶ್ಶಬ್ದ ವಲಯ ಆಗಿರಬಹುದು. ನಾವು ಮೊದಲು ಇಷ್ಟಪಟ್ಟ ಕಾರ್ಯಾಲಯದ ಹಿಂದೆ ಹೊಸದಾಗಿ ನರ್ಸಿಂಗ್ ಹೋಮ್ ಆಗಿತ್ತು. ಅದನ್ನು ಅಲ್ಲಿಗೇ ಬಿಟ್ಟೆವು.

ಪೊಲೀಸ್ ಅನುಮತಿಗೆ ನಾವು ಕೊಟ್ಟ ಕಾಗದಗಳು: ಕಾರ್ಯಕ್ರಮದ ವಿವರದ ಅರ್ಜಿ, ಇಬ್ಬರ ಆಧಾರ್ ನಕಲು, ಕಾರ್ಯಾಲಯದವರ ಒಪ್ಪಿಗೆ ಪತ್ರ ಮತ್ತು ಬುಕಿಂಗ್ ರಸೀದಿ, ಸೌಂಡ್ ಸಿಸ್ಟಮ್‌ನವರ ಹೆಸರು ವಿಳಾಸ, ಎಷ್ಟು ಜನ ಬರಬಹುದು ಅನ್ನುವ ಅಂದಾಜು, ಪಾರ್ಕಿಂಗ್ ಎಲ್ಲಿ ಅನ್ನುವ ಚಿತ್ರ, ಗಲಾಟೆ ಆದರೆ ನಾವೇ ಹೊಣೆ ಅನ್ನುವ ಮುಚ್ಚಳಿಕೆ. ಎಲ್ಲದರ ಮೂರು ಮೂರು ಸೆಟ್. ಸ್ವೀಕೃತಿ ಸಹಿ ಇಲ್ಲದೆ ಯಾವ ಟೇಬಲ್ಲಿಗೂ ಕಾಗದ ಕೊಡಬೇಡಿ.

ಠಾಣೆಯಲ್ಲಿ ನಡೆದ ಮಾತು ಇನ್ನೂ ಕಿವಿಯಲ್ಲಿದೆ.

"ಏನ್ ಕಾರ್ಯಕ್ರಮ ಇದು?"

"ರಾಕ್ ಮ್ಯೂಸಿಕ್ ರೀ ಸರ್."

"ಡಿಜೆ ಹಚ್ತೀರೇನು? ಡಿಜೆಗೆ ಪರ್ಮಿಷನ್ ಇಲ್ಲ."

"ಡಿಜೆ ಅಲ್ರೀ ಸರ್. ನಾವ ಕುಂತು ಬಾರಸ್ತೀವ್ರೀ."

"ಹಂಗಂದ್ರ ಆರ್ಕೆಸ್ಟ್ರಾ ಅಂತ ಬರೀರಿ. ಸುಮ್ನ ರಾಕು ಗೀಕು ಅಂತ ಬರದ್ರ ಮ್ಯಾಲಿನವ್ರು ಕೇಳ್ತಾರ."

ಅರ್ಜಿಯನ್ನು "ಸ್ವಂತ ರಚನೆಯ ವಾದ್ಯಗೋಷ್ಠಿ ಕಾರ್ಯಕ್ರಮ" ಅಂತ ತಿದ್ದಿ ಬರೆದುಕೊಟ್ಟೆವು. ನೀವೂ ಹಾಗೇ ಬರೆಯಿರಿ. ಡಿಜೆ ಅನ್ನುವ ಹೆದರಿಕೆ ನಮ್ಮೂರಲ್ಲಿ ಸುಮ್ಮನೆ ಬಂದಿಲ್ಲ, ಹಬ್ಬದ ಮೆರವಣಿಗೆಯಲ್ಲಿ ಅದರ ಕಾಟ ಎಲ್ಲರಿಗೂ ಗೊತ್ತು. ಅವರ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಕೇಳುತ್ತಿದ್ದೆ.

ಬೇರೆಯವರ ಹಾಡು ಬಾರಿಸುವುದಾದರೆ, ಹಾಡು ಕಟ್ಟಿದವರ ಪರವಾಗಿ ಹಕ್ಕಿನ ದುಡ್ಡು ಪಡೆಯುವ ಸಂಸ್ಥೆಯಾದ ಐಪಿಆರ್‌ಎಸ್ ಲೈಸೆನ್ಸ್ ಬೇಕು. ನಾವು ಒಂದೂ ಕವರ್ ಇಟ್ಟುಕೊಳ್ಳಲಿಲ್ಲ, ಎಲ್ಲ ನಮ್ಮದೇ ಅಂತ ಬರೆದುಕೊಟ್ಟೆವು. ಎರಡು ಹಳೆ ಹಾಡು ಹಾಕಿದ್ದರೆ ಜನ ಕುಣಿಯುತ್ತಿದ್ದರು, ನಿಜ. ಆದರೆ ಮೊದಲ ಶೋಗೆ ಆ ಖರ್ಚು, ಆ ಓಡಾಟ ಬೇಡ ಅನಿಸಿತು.

ಶೋ ಜುಲೈ 13ಕ್ಕೆ. ಅರ್ಜಿ ಕೊಟ್ಟಿದ್ದು ಜೂನ್‌ನಲ್ಲೇ. ಆದರೆ ಜುಲೈ 6ಕ್ಕೆ ಮೊಹರಂ. ಬಂದೋಬಸ್ತ್ ಮುಗಿಯುವವರೆಗೆ ಯಾರೂ ನಮ್ಮ ಫೈಲ್ ಮುಟ್ಟಲಿಲ್ಲ. "ಹಬ್ಬ ಮುಗೀಲಿ, ಆಮ್ಯಾಲೆ ಬರ್ರಿ." ಪೋಸ್ಟರ್ ಪ್ರಿಂಟ್ ಆಗಿತ್ತು, ಟಿಕೆಟ್ ಮಾರಾಟ ಶುರುವಾಗಿತ್ತು. ಆ ವಾರ ನನಗೆ ಊಟ ಸೇರಲಿಲ್ಲ. ಜುಲೈ 5ರ ರಾತ್ರಿ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಬ್ಲ್ಯಾಕ್ ಸಬ್ಬತ್‌ನ ಕೊನೆಯ ಶೋ ಇತ್ತು. ಶೆಡ್ಡಿನಲ್ಲಿ ಫೋನು ಇಟ್ಟುಕೊಂಡು ತುಣುಕು ತುಣುಕಾಗಿ ನೋಡಿದೆವು. ಅವರ ಹಾಡುಗಾರ ಓಝಿ ಆಸ್ಬೋರ್ನ್ ನಿಲ್ಲಲು ಆಗದೆ ಕುರ್ಚಿಯ ಮೇಲೆ ಕೂತೇ ಹಾಡಿದ. ಡ್ರಮ್ಸ್‌ನವ, "ಅವ್ರಿಗೆ ಪರ್ಮಿಷನ್ ಯಾವ ಠಾಣೇದಾಗ ಕೊಟ್ರೋ ಏನೋ" ಅಂದ. ಎಲ್ಲರೂ ನಕ್ಕೆವು, ನಗು ಬೇಕಾಗಿತ್ತು.

ಅನುಮತಿ ಪತ್ರ ಕೈಗೆ ಬಂದಿದ್ದು ಶುಕ್ರವಾರ ಸಂಜೆ. ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು ಅಂತ ಇತ್ತು. ಬಾಗಿಲು ಮುಚ್ಚಿದ ಸಭಾಂಗಣಕ್ಕೆ ಆ ನಿಯಮದಲ್ಲಿ ವಿನಾಯಿತಿ ಇದೆ ನಿಜ. ಆದರೂ ನಾವು ಒಂಬತ್ತಕ್ಕೇ ಮುಗಿಸುವ ಲೆಕ್ಕ ಹಾಕಿದ್ದೆವು, ಯಾಕೆಂದರೆ ಧಾರವಾಡದಿಂದ ಬಂದವರಿಗೆ ಚಿಗರಿ ಬಸ್ ಸಿಗಬೇಕು. ಮುಂದೆ ಹಬ್ಬಗಳ ಸಾಲು ಇರುವ ತಿಂಗಳಲ್ಲಿ ಶೋ ಇಟ್ಟುಕೊಳ್ಳುವವರು ಪೊಲೀಸರ ಬಂದೋಬಸ್ತ್ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ.

ಸೌಂಡ್‌ನವರಿಗೆ 24,000. ಅವರು ಮದುವೆ ಆರ್ಕೆಸ್ಟ್ರಾ, ಸನ್ಮಾನ ಸಮಾರಂಭ ಮಾಡುವವರು. ಎರಡು ಟಾಪ್ ಸ್ಪೀಕರ್, ಎರಡು ಬೇಸ್ ಡಬ್ಬಿ, ನಾಲ್ಕು ಮೈಕು ಅಂತ ಹೇಳಿದರು. ನಮಗೆ ಡ್ರಮ್ಸ್‌ಗೇ ಆರು ಮೈಕು ಬೇಕು. ಯಾವ ಚಾನೆಲ್‌ಗೆ ಏನು, ಸ್ಟೇಜ್ ಮೇಲೆ ಯಾರು ಎಲ್ಲಿ, ಎಷ್ಟು ಪ್ಲಗ್ ಪಾಯಿಂಟು ಅಂತ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟೆವು. ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿ ಯಾರಿಗೂ ನೆನಪಿರುವುದಿಲ್ಲ. ನುಣುಪು ಗೋಡೆ, ಗ್ರಾನೈಟ್ ನೆಲದ ಹಾಲ್‌ನಲ್ಲಿ ಮೊದಲ ಪೆಟ್ಟಿಗೇ ಸದ್ದು ಕಲಸಿಹೋಯಿತು. ಶಾಮಿಯಾನದ ಬಟ್ಟೆ ಬಾಡಿಗೆಗೆ ತಂದು ಹಿಂದಿನ ಗೋಡೆಗೆ ಇಳಿಬಿಟ್ಟೆವು, ಶೆಡ್ಡಿನ ಕೌದಿಗಳನ್ನು ಡ್ರಮ್ಸ್ ಸುತ್ತ ಕಟ್ಟಿದೆವು. ಜನ ತುಂಬಿದ ಮೇಲೆ ಇನ್ನೂ ಸರಿಹೋಯಿತು.

ಜುಲೈ ಅಂದ ಮೇಲೆ ಮಳೆ. ಮೂರು ಗಂಟೆಗೆ ಕರೆಂಟ್ ಹೋಯಿತು. ಜನರೇಟರ್‌ಗೆ 5,000 ಕೊಟ್ಟಿದ್ದು ಸಾರ್ಥಕ. ಆದರೆ ಅದಕ್ಕೂ ಅರ್ಥ್ ಹಾಕಿರಲಿಲ್ಲ, ನಮ್ಮ ಬೇಸ್‌ನವನೇ ಟೆಸ್ಟರ್ ಹಿಡಿದು ನೋಡಿ ಹಾಕಿಸಿದ. ಬೆಳಗಾವಿಯಿಂದ ಬಂದ ಇನ್ನೊಂದು ಬ್ಯಾಂಡಿನ ಹುಡುಗರು ಮಳೆಯಲ್ಲಿ ನೆನೆದು ಬಂದರು. ಅವರಿಗೆ ಗಿರಮಿಟ್ಟು, ಮಿರ್ಚಿ, ಚಹಾ ಕೊಟ್ಟ ಮೇಲೆಯೇ ಸೌಂಡ್ ಚೆಕ್. ಐವತ್ತು ಜನ ಬಂದರೆ ಸಾಕು ಅಂದುಕೊಂಡಿದ್ದೆವು. 140 ಟಿಕೆಟ್ ಹೋದವು. ಗದಗದಿಂದ ಬೈಕ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಬಂದವರಿದ್ದರು. ಪಕ್ಕದ ಮನೆಯ ಅಜ್ಜಾರೂ ಬಂದಿದ್ದರು, ಎರಡು ಹಾಡು ಕೇಳಿ ಕಿವಿಗೆ ಮಫ್ಲರ್ ಕಟ್ಟಿಕೊಂಡು ಕೊನೆಯವರೆಗೂ ಕೂತರು. ಬಾಗಿಲಲ್ಲಿ ಇಬ್ಬರು ಪೊಲೀಸಿನವರು. ಒಬ್ಬರು ಕೊನೆಗೆ, "ಡಿಜೆಕ್ಕಿಂತ ಇದ ಚಲೋ ಬಿಡ್ರಿ, ಎದಿ ಬಡ್ಯಂಗಿಲ್ಲ" ಅಂದರು. ನಮ್ಮ ಬೇಸ್‌ನವನಿಗೆ ಅದು ಹೊಗಳಿಕೆಯೋ ಬೈಗುಳವೋ ಇನ್ನೂ ಗೊತ್ತಾಗಿಲ್ಲ.

ಲೆಕ್ಕ ಕೇಳಿದವರಿಗೆ: ಹಾಲ್ ಮತ್ತು ಸ್ವಚ್ಛತೆ 17,000, ಸೌಂಡ್ 24,000, ಜನರೇಟರ್ 5,000, ಪೋಸ್ಟರ್ ಮತ್ತು ಶಾಮಿಯಾನದ ಬಟ್ಟೆ 3,000, ಬೆಳಗಾವಿಯವರ ಬಸ್ಸು ಮತ್ತು ಊಟ 4,000. ಒಟ್ಟು 53,000. ಟಿಕೆಟ್ 200 ರೂಪಾಯಿಯಂತೆ 28,000 ಬಂತು. ಟೀಶರ್ಟ್‌ನಲ್ಲಿ 6,000 ಉಳಿಯಿತು. 19,000 ಕೈಯಿಂದ ಹೋಯಿತು, ನಾಲ್ಕು ಜನಕ್ಕೆ ಹಂಚಿಕೊಂಡೆವು. ಟೀಶರ್ಟ್ ಜಾಸ್ತಿ ಮಾಡಿಸಿದ್ದರೆ ನಷ್ಟ ಇನ್ನೂ ಇಳಿಯುತ್ತಿತ್ತು. ಎಲ್ ಮತ್ತು ಎಕ್ಸೆಲ್ ಸೈಜ್ ಮೊದಲು ಖಾಲಿಯಾಗುತ್ತವೆ. ಡಿಪಾಸಿಟ್‌ನಲ್ಲಿ 1,500 ಹಿಡಿದುಕೊಂಡು ಕೊಟ್ಟರು. ಒಂದು ಕಿಟಕಿ ಗಾಜು ಬಿರುಕು ಬಿಟ್ಟಿದೆ ಅಂತ ಕಾರಣ. ಹಾಲ್ ತೆಗೆದುಕೊಳ್ಳುವಾಗಲೇ ಎಲ್ಲ ಗಾಜು, ಕುರ್ಚಿ, ಟೈಲ್ಸ್ ಫೋಟೋ ತೆಗೆದಿಟ್ಟುಕೊಳ್ಳಿ, ಮ್ಯಾನೇಜರ್ ಜೊತೆಯಲ್ಲಿರುವಾಗಲೇ.

ಈ ಲೆಕ್ಕ ಮಾಡುತ್ತಿದ್ದಾಗಲೇ ಜುಲೈ 22ಕ್ಕೆ ಓಝಿ ಹೋದ ಸುದ್ದಿ ಬಂತು. ಕೊನೆಯ ಶೋ ಮುಗಿದು ಮೂರು ವಾರವೂ ಆಗಿರಲಿಲ್ಲ. ಅವತ್ತು ಲೆಕ್ಕ ಅಲ್ಲಿಗೇ ಬಿಟ್ಟು ಶೆಡ್ಡಿಗೆ ಹೋಗಿ ಬಾರಿಸಿದೆವು. ಕಾಕಾ ಪಾಳಿ ಮುಗಿಸಿ ಬಂದು, "ಬೆರಳ್ ಹೋದಾವ್ನೇನು?" ಅಂತ ಕೇಳಿದರು. ಅಲ್ಲ ಕಾಕಾ, ಅವನ ಜೊತೆ ಹಾಡುವವ ಅಂದೆ.

ಮುಂದಿನದು ಗದಗ ಅಥವಾ ಹಾವೇರಿಯಲ್ಲಿ, ದೀಪಾವಳಿ ಆದ ಮೇಲೆ, ಮದುವೆ ಸೀಸನ್ ಬಿಸಿಯಾಗುವುದರೊಳಗೆ ಮಾಡಬೇಕು ಅಂತಿದೆ. ಆ ಕಡೆಯವರು ಯಾರಾದರೂ ಹಾಲ್ ಗೊತ್ತಿದ್ದರೆ ತಿಳಿಸಿ. 150 ಜನ ನಿಲ್ಲುವಷ್ಟು ಜಾಗ, ತ್ರೀ ಫೇಸ್ ಕರೆಂಟ್, ಸರಿಯಾದ ಅರ್ಥಿಂಗ್ ಇರಬೇಕು. ಹಿಂದೆ ಮುಂದೆ ಆಸ್ಪತ್ರೆ ಇರಬಾರದು. ಕೌದಿ ನಾವೇ ತರುತ್ತೇವೆ.